ಅಳು ನಿಂತುಹೋದ ಕೋಣೆಗಳು: ರೊಮೇನಿಯಾದ ಮಕ್ಕಳು ದೊಡ್ಡವರಾದ ಮೇಲೆ

"ಎಳೇ ಮಗು ಅಲ್ವಾ, ಅದಕ್ಕೇನು ನೆನಪಿರುತ್ತೆ?"

ನಮ್ಮಲ್ಲಿ ಈ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಬಾಣಂತಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ, ಹೆತ್ತವರಿಲ್ಲದ ಕೂಸನ್ನು ಯಾರೋ ತಂದು ಸಾಕಿಕೊಂಡಾಗ, ಹಿರಿಯರು ಹೀಗೆ ಹೇಳಿಯೇ ಸಮಾಧಾನ ಮಾಡುತ್ತಾರೆ. ಮಾತು ಅರ್ಧ ನಿಜ. ಒಂದು ವರ್ಷ, ಒಂದೂವರೆ ವರ್ಷದಲ್ಲಿ ಆದದ್ದನ್ನು ದೊಡ್ಡವರಾದ ಮೇಲೆ ಯಾರೂ ಕಥೆಯಂತೆ ಹೇಳಲಾರರು. ಆದರೆ ನೆನಪಿಗೆ ಬಾರದ ಆ ತಿಂಗಳುಗಳು ಇಪ್ಪತ್ತು ವರ್ಷ ಕಳೆದ ಮೇಲೂ ಮನಸ್ಸಿನ ಮೇಲೆ ಕೆಲಸ ಮಾಡುತ್ತಿರಬಹುದೇ? ಈ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಅತ್ಯಂತ ಗಟ್ಟಿ ಉತ್ತರ ಸಿಕ್ಕಿದ್ದು ಒಂದೇ ಪ್ರಕರಣದಿಂದ. 1990ರಿಂದ 1992ರ ನಡುವೆ ರೊಮೇನಿಯಾದಿಂದ ಬ್ರಿಟನ್ನಿನ ಮನೆಗಳಿಗೆ ದತ್ತು ಹೋದ 165 ಮಕ್ಕಳ ಪ್ರಕರಣ ಅದು. ಸಂಶೋಧಕರು ಅವರನ್ನು ನಾಲ್ಕನೇ ವಯಸ್ಸಿನಿಂದ ಇಪ್ಪತ್ತೈದರ ಆಸುಪಾಸಿನವರೆಗೂ ಬಿಡದೆ ಗಮನಿಸುತ್ತಾ ಬಂದಿದ್ದಾರೆ.

ಹಿನ್ನೆಲೆ

1966ರ ಅಕ್ಟೋಬರ್‌ನಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯ್ ಚೌಷೆಸ್ಕುವಿನ ಸರ್ಕಾರ 770ನೇ ಸಂಖ್ಯೆಯ ಆಜ್ಞೆ ಹೊರಡಿಸಿತು. ಜನ ಜಾಸ್ತಿಯಾದರೆ ದೇಶ ಬಲವಾಗುತ್ತದೆ ಎಂಬುದು ಅದರ ಲೆಕ್ಕಾಚಾರ. ಕೆಲವೇ ವಿನಾಯಿತಿಗಳನ್ನು ಬಿಟ್ಟು ಗರ್ಭಪಾತ ಅಪರಾಧವಾಯಿತು. ಗರ್ಭನಿರೋಧಕಗಳು ಅಂಗಡಿಗಳಿಂದ ಮಾಯವಾದವು. ಮಕ್ಕಳಿಲ್ಲದವರ ಮೇಲೆ ಹೆಚ್ಚುವರಿ ತೆರಿಗೆ ಬಿತ್ತು. 1966ರಲ್ಲಿ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 2.74 ಲಕ್ಷ. ಮರುವರ್ಷ 5.28 ಲಕ್ಷ.

ಆಮೇಲೆ 1980ರ ದಶಕ ಬಂತು. ವಿದೇಶಿ ಸಾಲವನ್ನೆಲ್ಲ ತೀರಿಸಿಯೇ ಸಿದ್ಧ ಎಂದು ಚೌಷೆಸ್ಕು ಹಟ ಹಿಡಿದ. ಬೆಳೆದ ಆಹಾರ ರಫ್ತಾಯಿತು. ಮನೆಗಳಲ್ಲಿ ಚಳಿಗಾಲಕ್ಕೆ ಬಿಸಿ ಇಲ್ಲ, ಅಂಗಡಿಯಲ್ಲಿ ರೇಷನ್. ಸಾಕಲಾಗದ ಮಗುವನ್ನು ಸರ್ಕಾರಕ್ಕೆ ಒಪ್ಪಿಸಿ, ಸರ್ಕಾರ ನಿಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಬಿತ್ತಲಾಗಿತ್ತು. ಜನ ಒಪ್ಪಿಸಿದರು. 1989ರ ಡಿಸೆಂಬರ್ 25ರಂದು ಆ ಆಡಳಿತಗಾರ ಗುಂಡಿಗೆ ಬಲಿಯಾದಾಗ, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಸಂಸ್ಥೆಗಳಲ್ಲಿದ್ದರು.

ಇಲ್ಲಿ ಒಂದು ಮಾತು. ಅವನ್ನು ಅನಾಥಾಲಯ ಎಂದೇ ಎಲ್ಲರೂ ಕರೆದರು. ಆದರೆ ಆ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅಪ್ಪ ಅಮ್ಮ ಬದುಕಿದ್ದರು. ಅನಾಥ ಎನ್ನುವ ಪದ ಬಳಸಿದ ಕೂಡಲೇ ಯಾರ ತಪ್ಪೂ ಅಲ್ಲದ ಸಾವಿನ ಚಿತ್ರ ಕಣ್ಣಿಗೆ ಬರುತ್ತದೆ. ಇದು ಹಾಗೆ ಆದದ್ದಲ್ಲ. ಒಂದು ಕಾನೂನು ಮತ್ತು ಒಂದು ಬಡತನ ಸೇರಿ ಮಾಡಿದ್ದು.

ಇನ್ನೂ ನೋವಿನ ಸಂಗತಿ ಎಂದರೆ, ಆ ಹೊತ್ತಿಗೆ ಇದರ ಪರಿಣಾಮ ಜಗತ್ತಿಗೆ ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಬರೆದ ವರದಿ 1951ರಲ್ಲೇ ಬಂದಿತ್ತು. ಮಗುವಿಗೆ ಹಾಲು, ಬಟ್ಟೆ, ಔಷಧಿ ಸಾಲದು. ಬಿಡದೆ ಜೊತೆಗಿರುವ ಒಬ್ಬ ತಾಯಿ ಅಥವಾ ತಾಯಿಯಂಥವರ ಬೆಚ್ಚಗಿನ ನಂಟು ಬೇಕು ಎಂದು ಅದು ಹೇಳಿತ್ತು. ಆಜ್ಞೆ ಹೊರಟದ್ದು ಅದಾಗಿ 15 ವರ್ಷಕ್ಕೆ. 1977ರಲ್ಲಿ ರೊಮೇನಿಯಾದ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದ ಕಲಿಕೆಯನ್ನೇ ನಿಲ್ಲಿಸಲಾಯಿತು. ಎಚ್ಚರಿಸಬೇಕಾದವರು ತಯಾರಾಗುವ ಜಾಗವೇ ಉಳಿಯಲಿಲ್ಲ.

ತೊಟ್ಟಿಲು ಎಂಬ ಹೆಸರು

ಮೂರು ವರ್ಷದ ಒಳಗಿನ ಮಕ್ಕಳನ್ನು ಇಡುತ್ತಿದ್ದ ಸಂಸ್ಥೆಗೆ ಅಲ್ಲಿ 'ಲ್ಯಾಗನ್' ಎನ್ನುತ್ತಿದ್ದರು. ರೊಮೇನಿಯನ್ ಭಾಷೆಯಲ್ಲಿ ಹಾಗೆಂದರೆ ತೊಟ್ಟಿಲು.

ಆ ತೊಟ್ಟಿಲಿನಲ್ಲಿ ದಿನ ಹೇಗೆ ಕಳೆಯುತ್ತಿತ್ತು? ಕಬ್ಬಿಣದ ಮಂಚಗಳ ಸಾಲು. ಹೊತ್ತಿನ ಬಹುಪಾಲು ಮಗು ಅದರಲ್ಲೇ. ಒಬ್ಬರ ಕೈಗೆ ಹತ್ತು ಹನ್ನೆರಡಕ್ಕೂ ಹೆಚ್ಚು ಮಕ್ಕಳು. ಪಾಳಿ ಬದಲಾದಂತೆ ಮುಖವೂ ಬದಲು. ಗಂಜಿಯಂಥ ಆಹಾರವನ್ನು ದೊಡ್ಡ ತೂತಿನ ನಿಪ್ಪಲ್ ಇರುವ ಬಾಟಲಿಗೆ ಹಾಕಿ, ಬಾಟಲಿಯನ್ನು ದಿಂಬಿಗೋ ಕಂಬಿಗೋ ಆನಿಸಿಟ್ಟು ಹೋಗುತ್ತಿದ್ದರು. ಕೆಲವೆಡೆ ಸ್ನಾನವೆಂದರೆ ತಣ್ಣೀರಿನ ಪೈಪು ಹಿಡಿಯುವುದು. ಆಟಿಕೆ ಇಲ್ಲ. ಮಾತಾಡಿಸುವವರೂ ಇಲ್ಲ.

ಒಳಗೆ ಹೋಗಿ ನೋಡಿದವರೆಲ್ಲ ಒಂದು ವಿಷಯ ಹೇಳಿದ್ದಾರೆ. ಅಷ್ಟೊಂದು ಕೂಸುಗಳಿದ್ದ ಕೋಣೆಯಲ್ಲಿ ಅಳುವೇ ಕೇಳಿಸುತ್ತಿರಲಿಲ್ಲವಂತೆ.

ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತೀವಿ. ಈ ಗಾದೆಯ ಹಿಂದೆ ನಾವು ಗಮನಿಸದ ಒಂದು ಭರವಸೆ ಇದೆ: ಅತ್ತರೆ ಯಾರೋ ಬರುತ್ತಾರೆ. ಮಗು ಇದನ್ನು ಹುಟ್ಟುವಾಗಲೇ ಕಲಿತು ಬಂದಿರುವುದಿಲ್ಲ. ದಿನಕ್ಕೆ ಹತ್ತಾರು ಬಾರಿ ಅತ್ತು, ಹತ್ತಾರು ಬಾರಿ ಅದೇ ವಾಸನೆಯ ಅದೇ ದನಿಯ ಒಬ್ಬರು ಬಂದು ಎತ್ತಿಕೊಂಡು, ಹಾಗೆ ತಿಂಗಳುಗಟ್ಟಲೆ ನಡೆದಾಗ ಅದು ಮೈಗೆ ಇಳಿಯುತ್ತದೆ. ಅಜ್ಜಿ "ಏನಮ್ಮ, ಏನಾಯ್ತು ನನ್ ಕಂದಂಗೆ" ಎನ್ನುತ್ತಾ ಕಾಲ ಮೇಲೆ ಹಾಕಿಕೊಂಡು ತಟ್ಟುವಾಗ ಆಗುತ್ತಿರುವುದು ಇದೇ. ಮಗು ಕೂಗುತ್ತದೆ, ದೊಡ್ಡವರು ಓಗೊಡುತ್ತಾರೆ. ಮಗು ನಗುತ್ತದೆ, ಅವರೂ ನಗುತ್ತಾರೆ. ತನ್ನ ಗಾಬರಿಯನ್ನು ತಾನೇ ಇಳಿಸಿಕೊಳ್ಳಲು ಮಗುವಿಗೆ ಬಾರದು. ಮೊದಲು ಇನ್ನೊಬ್ಬರ ಎದೆಗೊರಗಿ ಇಳಿಸಿಕೊಳ್ಳುತ್ತದೆ, ನಿಧಾನಕ್ಕೆ ಒಬ್ಬಂಟಿಯಾಗಿಯೂ ಕಲಿಯುತ್ತದೆ. ಮನಶ್ಶಾಸ್ತ್ರದಲ್ಲಿ ಅಟ್ಯಾಚ್‌ಮೆಂಟ್ ಎನ್ನುವುದು ಈ ನಂಟಿಗೇ.

ಲ್ಯಾಗನ್‌ನಲ್ಲಿ ಅತ್ತರೂ ಯಾರೂ ಬರಲಿಲ್ಲ. ಕೂಗಿಗೆ ಅರ್ಥವಿಲ್ಲ ಎಂದು ಮಗು ಕಲಿತು ಸುಮ್ಮನಾಯಿತು. ಹೊರಗಿನಿಂದ ನೋಡಿದವರಿಗೆ ಅದು 'ಒಳ್ಳೆ ಮಗು, ಹಟ ಇಲ್ಲ' ಎಂದು ಕಾಣುವ ಅಪಾಯವೂ ಇತ್ತು. ನಿರ್ಲಕ್ಷ್ಯವನ್ನು ಗುರುತಿಸುವುದು ಹೊಡೆತವನ್ನು ಗುರುತಿಸುವುದಕ್ಕಿಂತ ಕಷ್ಟ ಆಗುವುದು ಇದಕ್ಕೇ. ಹೊಡೆದರೆ ಗುರುತು ಇರುತ್ತದೆ. ಇಲ್ಲಿ ಆಗಬೇಕಾದ್ದು ಆಗಿಲ್ಲ, ಅಷ್ಟೆ. ಆಗದೇ ಇದ್ದುದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಬ್ರಿಟನ್ನಿಗೆ ಬಂದವರು

ಆಡಳಿತ ಬಿದ್ದ ಮೇಲೆ ಟಿವಿ ಕ್ಯಾಮೆರಾಗಳು ಒಳಹೊಕ್ಕವು. ಆ ಚಿತ್ರಗಳನ್ನು ನೋಡಿದ ಸಾವಿರಾರು ಕುಟುಂಬಗಳು ದತ್ತು ಪಡೆಯಲು ಮುಂದೆ ಬಂದವು. ಬ್ರಿಟನ್ನಿಗೆ ಬಂದ ಮಕ್ಕಳಲ್ಲಿ 165 ಮಂದಿಯನ್ನು ಮನೋವೈದ್ಯ ಮೈಕೆಲ್ ರಟರ್ ಅವರ ತಂಡ ಅಧ್ಯಯನಕ್ಕೆ ಸೇರಿಸಿಕೊಂಡಿತು. ಬಹುಪಾಲು ಸಂಸ್ಥೆಗಳಿಂದ ಬಂದವರು. ಹೋಲಿಕೆಗೆಂದು, ಬ್ರಿಟನ್ನಿನಲ್ಲೇ ಹುಟ್ಟಿ ಆರು ತಿಂಗಳೊಳಗೆ ದತ್ತಾದ 52 ಮಕ್ಕಳನ್ನೂ ಜೊತೆಗಿಟ್ಟುಕೊಂಡರು. ನಾಲ್ಕು, ಆರು, ಹನ್ನೊಂದು, ಹದಿನೈದನೇ ವಯಸ್ಸಿನಲ್ಲಿ, ಆಮೇಲೆ 22ರಿಂದ 25ರ ನಡುವೆ ಅವರನ್ನು ಮತ್ತೆ ಮತ್ತೆ ಭೇಟಿ ಮಾಡಿದರು.

ಈ ಪ್ರಕರಣಕ್ಕೆ ಬೇರೆ ಯಾವುದಕ್ಕೂ ಇಲ್ಲದ ಬಲ ಇರುವುದು ಯಾಕೆ? ಸಾಮಾನ್ಯವಾಗಿ ಬಾಲ್ಯದ ನಿರ್ಲಕ್ಷ್ಯವನ್ನು ಬೇರೆಯಾಗಿ ಎತ್ತಿ ನೋಡುವುದು ಅಸಾಧ್ಯ. ನಿರ್ಲಕ್ಷ್ಯ ಇದ್ದ ಮನೆಯಲ್ಲಿ ಬಡತನವೂ ಇರುತ್ತದೆ, ಕುಡಿತ ಇರಬಹುದು, ಮಗು ದೊಡ್ಡದಾಗುವವರೆಗೂ ಅದೇ ಮನೆಯೇ. ಯಾವುದರಿಂದ ಏನಾಯಿತು ಎನ್ನಲಾಗದು. ಈ ಮಕ್ಕಳ ಕಥೆ ಬೇರೆ. ಹೆಚ್ಚಿನವರು ಹುಟ್ಟಿದ ಕೆಲವೇ ವಾರಗಳಲ್ಲಿ ಸಂಸ್ಥೆ ಸೇರಿದ್ದರು. ಅಂದರೆ ಮಗುವಿನ ದೋಷ ಕಂಡು ಬಿಟ್ಟುಹೋದದ್ದು ಅಂತ ಹೇಳುವ ಹಾಗಿಲ್ಲ. ಒಂದು ದಿನ ವಿಮಾನ ಹತ್ತಿದರು, ಅಲ್ಲಿಗೆ ಕೊರತೆ ನಿಂತಿತು. ಆಚೆ ಕಡೆ ಕಾದಿದ್ದದ್ದು ಅನುಕೂಲಸ್ಥರ, ಮಕ್ಕಳು ಬೇಕು ಎಂದು ಹಂಬಲಿಸಿದವರ ಮನೆ. ಕೊರತೆಯ ಶುರು ಗೊತ್ತು, ಕೊನೆಯೂ ಗೊತ್ತು. ಎಷ್ಟು ತಿಂಗಳು ಎಂದು ಎಣಿಸಬಹುದಿತ್ತು.

ಬಂದಾಗ ಅರ್ಧದಷ್ಟು ಮಕ್ಕಳು ತೀರಾ ಸೊರಗಿದ್ದರು. ತಲೆಯ ಸುತ್ತಳತೆ ಕಡಿಮೆ, ನಡಿಗೆ ಮಾತು ಎಲ್ಲ ಹಿಂದೆ. ನಾಲ್ಕು ವರ್ಷ ತುಂಬುವ ಹೊತ್ತಿಗೆ ನೋಡಿದರೆ ಚೇತರಿಕೆ ಬೆರಗುಗೊಳಿಸುವಂತಿತ್ತು. ತೂಕ ಎತ್ತರ ಏರಿದ್ದವು, ಮಾತು ಬಂದಿತ್ತು. ಎಷ್ಟೋ ದತ್ತು ತಾಯ್ತಂದೆಯರು "ಇನ್ನು ಪ್ರೀತಿಯೊಂದಿದ್ದರೆ ಸಾಕು" ಎಂದುಕೊಂಡಿರಬೇಕು. ಹಾಗೆಂದುಕೊಳ್ಳದೆ ಇರುವುದು ಹೇಗೆ!

ಆದರೆ ಲೆಕ್ಕದಲ್ಲಿ ಒಂದು ಗೆರೆ ಕಾಣಿಸತೊಡಗಿತು. ಸಂಸ್ಥೆಯಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದ ಮಕ್ಕಳು, ಹಸಿವು ಸೊರಗು ಏನೇ ಇದ್ದರೂ, ಬ್ರಿಟನ್ನಿನ ದತ್ತು ಮಕ್ಕಳಿಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. ಆರು ತಿಂಗಳು ದಾಟಿದವರಲ್ಲಿ ಹಲವರಿಗೆ ಕೆಲವು ತೊಂದರೆಗಳು ಅಂಟಿಕೊಂಡೇ ಇದ್ದವು. ಗಮನ ನಿಲ್ಲದು, ಕೂತಲ್ಲಿ ಕೂರಲಾಗದು. ಆಟಿಸಂ ಹೋಲುವ ಲಕ್ಷಣಗಳು. ಇನ್ನೊಂದು, ಅಪರಿಚಿತರ ಬಗ್ಗೆ ಹಿಂಜರಿಕೆಯೇ ಇಲ್ಲದಿರುವುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇದನ್ನು ತಪ್ಪಾಗಿ ಓದುವವರೇ ಜಾಸ್ತಿ. ಜಾತ್ರೆಯಲ್ಲಿ ಪುಟ್ಟ ಮಗುವನ್ನು ಕೆಳಗಿಳಿಸಿದರೆ ನಾಲ್ಕು ಹೆಜ್ಜೆ ಓಡುತ್ತದೆ, ತಿರುಗಿ ಅಮ್ಮ ಇದ್ದಾಳಾ ಎಂದು ನೋಡುತ್ತದೆ. ಆ ತಿರುಗಿ ನೋಡುವುದು ಈ ಮಕ್ಕಳಲ್ಲಿ ಇರಲಿಲ್ಲ. ಯಾರೋ ಹೊಸಬರ ಕೈ ಹಿಡಿದು ಹೊರಟುಬಿಡುತ್ತಿದ್ದರು. "ಎಷ್ಟು ಬೇಗ ಎಲ್ಲರಿಗೂ ಹೊಂದಿಕೊಳ್ಳುತ್ತೆ!" ಎಂದು ನೆಂಟರು ಮೆಚ್ಚುತ್ತಿದ್ದಿರಬಹುದು. ಎಲ್ಲರಿಗೂ ಹೊಂದಿಕೊಳ್ಳುವ ಆ ಮಗುವಿಗೆ 'ನಮ್ಮವರು' ಮತ್ತು 'ಯಾರೋ' ಎಂಬ ವ್ಯತ್ಯಾಸ ಬೆಳೆಯುವ ಹೊತ್ತಿನಲ್ಲಿ ನಮ್ಮವರೇ ಇರಲಿಲ್ಲ.

ಇಪ್ಪತ್ತು ದಾಟಿದ ಮೇಲೆ

ಎಡ್ಮಂಡ್ ಸೊನುಗಾ-ಬಾರ್ಕ್ ಮುಂದಾಳತ್ವದಲ್ಲಿ ಈ ತಂಡದ ವಯಸ್ಕರ ವರದಿ 2017ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದನ್ನು ಓದುವಾಗ ನನಗೆ ಮೊದಲು ಸಮಾಧಾನ, ಆಮೇಲೆ ಸಂಕಟ.

ಸಮಾಧಾನದ ಭಾಗ ಇದು. ಆರು ತಿಂಗಳಿಗೂ ಜಾಸ್ತಿ ಸಂಸ್ಥೆಯಲ್ಲಿದ್ದವರಲ್ಲಿ ಚಿಕ್ಕವಯಸ್ಸಿಗೆ ಬುದ್ಧಿಮಟ್ಟ ಕಡಿಮೆ ಇದ್ದವರು ಹೆಚ್ಚಿದ್ದರು. ಇಪ್ಪತ್ತರ ಹೊತ್ತಿಗೆ ಆ ಅಂತರ ಮುಚ್ಚಿತ್ತು. ತಡವಾಗಿಯಾದರೂ ಬುದ್ಧಿ ದಾರಿ ಹಿಡಿಯಿತು. ಹನ್ನೊಂದನೇ ವಯಸ್ಸಿಗೆ ಶಾಲೆಯಲ್ಲಿ ಹಿಂದಿರುವ ಮಗುವಿನ ಬಗ್ಗೆ ಕೈಚೆಲ್ಲುವವರಿಗೆಲ್ಲ ಇದನ್ನು ತೋರಿಸಬೇಕು ಎನಿಸಿತು.

ಸಂಕಟದ ಭಾಗ: ಗಮನದ ತೊಂದರೆ, ಸಾಮಾಜಿಕ ಒಡನಾಟದ ತೊಂದರೆಗಳು ದೊಡ್ಡವರಾದ ಮೇಲೂ ಹೋಗಿರಲಿಲ್ಲ. ಅದರ ಮೇಲೆ ಹೊಸದೊಂದು ಸೇರಿತ್ತು. ಹನ್ನೊಂದರಲ್ಲಿ, ಹದಿನೈದರಲ್ಲಿ ಆತಂಕ ಮತ್ತು ಖಿನ್ನತೆ ಇವರಲ್ಲಿ ಅಷ್ಟೇನೂ ಹೆಚ್ಚಿರಲಿಲ್ಲ. ಇಪ್ಪತ್ತು ದಾಟುತ್ತಿದ್ದಂತೆ ಎದ್ದುಕಾಣುವಷ್ಟು ಏರಿತು. ಇವರಲ್ಲಿ ಓದು ನಿಂತವರು, ಕೆಲಸವಿಲ್ಲದವರು, ಮನೋವೈದ್ಯರ ಬಳಿ ಹೋಗುತ್ತಿರುವವರು ಉಳಿದ ಗುಂಪುಗಳಿಗಿಂತ ಜಾಸ್ತಿ.

ಎರಡು ದಶಕ ಒಳ್ಳೆಯ ಮನೆಯಲ್ಲಿ ಬೆಳೆದ ಮೇಲೆ ಹೊಸದಾಗಿ ಖಿನ್ನತೆ ಬರುವುದು ಯಾಕೆ? ಮೊದಲ ತಿಂಗಳುಗಳ ಕೊರತೆ ಅಷ್ಟು ಕಾಲ ಅಡಗಿ ಕೂತಿತ್ತೇ? ಅದೇ ತಂಡ ಮುಂದೆ ಮಾಡಿದ ವಿಶ್ಲೇಷಣೆಯಲ್ಲಿ ಕಂಡದ್ದು ಒಂದು ಸರಪಳಿ. ಆರು ವರ್ಷಕ್ಕೆ ಗಮನ ನಿಲ್ಲದ, ಇತರರ ಮುಖಭಾವ ಸರಿಯಾಗಿ ಹಿಡಿಯಲಾಗದ ಮಗುವಿಗೆ ದೊಡ್ಡವನಾದಂತೆ ಗೆಳೆತನ ಕೈಕೊಡುತ್ತದೆ. ಕೆಲಸ ಸಿಗುವುದು, ಸಿಕ್ಕ ಕೆಲಸ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ. ಮನೆಯಲ್ಲಿರುವವರೆಗೆ ಅಮ್ಮ ನೆನಪಿಸುತ್ತಾಳೆ, ಅಪ್ಪ ಫಾರಂ ತುಂಬುತ್ತಾನೆ, ಶಾಲೆಗೆ ಒಂದು ಗಂಟೆ ಇದೆ. ಇಪ್ಪತ್ತಕ್ಕೆ ಆ ಆಸರೆಯ ಗೂಟಗಳು ಒಂದೊಂದಾಗಿ ಕಳಚುತ್ತವೆ. ಒಬ್ಬಂಟಿತನ, ಕೆಲಸವಿಲ್ಲದ ದಿನಗಳು, ಅಲ್ಲಿಂದ ಆತಂಕ, ಖಿನ್ನತೆ.

ಈ ಸರಪಳಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬಾಲ್ಯದ ಗಾಯ ಎಂದ ಕೂಡಲೇ ಎಲ್ಲರೂ ಬಾಲ್ಯವನ್ನೇ ಅಗೆಯಲು ಹೊರಡುತ್ತಾರೆ. ಇಲ್ಲಿ ನೆನಪೇ ಇಲ್ಲದ ಬಾಲ್ಯ. ಅಗೆದು ಸಿಗುವುದೇನು? ಆದರೆ ಸರಪಳಿಯ ನಡುವಿನ ಕೊಂಡಿಗಳು ಇವತ್ತಿನವು. ಗಮನದ ತೊಂದರೆಗೆ ಚಿಕಿತ್ಸೆ ಇದೆ. ಮೊದಲ ಕೆಲಸ ಹಿಡಿಯಲು ಕೈಹಿಡಿದು ನಡೆಸಬಹುದು. ಹದಿನೆಂಟಕ್ಕೆ "ಇನ್ನು ನೀನುಂಟು ನಿನ್ನ ಬದುಕುಂಟು" ಎನ್ನುವ ಬದಲು ಇಪ್ಪತ್ತೈದರವರೆಗೆ ಆಸರೆ ಇಟ್ಟುಕೊಳ್ಳಬಹುದು.

2020ರಲ್ಲಿ ಬಂದ ಇನ್ನೊಂದು ವರದಿ ಮಿದುಳನ್ನೇ ಅಳೆಯಿತು. ರೊಮೇನಿಯಾದಿಂದ ಬಂದ 67 ಮಂದಿ, ಬ್ರಿಟನ್ನಿನ ದತ್ತು ಮಕ್ಕಳಾಗಿದ್ದ 21 ಮಂದಿ, ಎಲ್ಲರೂ ಆ ಹೊತ್ತಿಗೆ ಯುವಕ ಯುವತಿಯರು. ಮೊದಲ ಗುಂಪಿನವರ ಮಿದುಳಿನ ಗಾತ್ರ ಸರಾಸರಿ 8.6% ಕಡಿಮೆ ಇತ್ತು. ಸಂಸ್ಥೆಯಲ್ಲಿ ಕಳೆದ ಪ್ರತಿ ಹೆಚ್ಚುವರಿ ತಿಂಗಳಿಗೆ ಸುಮಾರು 3 ಘನ ಸೆಂಟಿಮೀಟರ್‌ನಂತೆ ಗಾತ್ರ ಇಳಿದಿತ್ತು. ತಿಂಗಳ ಲೆಕ್ಕ, ವರ್ಷದ್ದಲ್ಲ. "ಇನ್ನೊಂದೆರಡು ತಿಂಗಳು ತಡವಾದರೆ ಏನಂತೆ" ಎಂದು ಕಾಗದಪತ್ರ ಮುಂದೂಡುವವರ ಮೇಜಿನ ಮೇಲೆ ಈ ಸಂಖ್ಯೆ ಇರಬೇಕು. ಅದೇ ವರದಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಮಿದುಳಿನ ಬಲಭಾಗದ ಒಂದು ಕಡೆ ಮಾತ್ರ ಬೆಳವಣಿಗೆ ಇವರಲ್ಲಿ ಹೆಚ್ಚಿತ್ತು, ಮತ್ತು ಅದು ಹೆಚ್ಚಿದ್ದವರಲ್ಲಿ ಗಮನದ ತೊಂದರೆ ಕಡಿಮೆ ಇತ್ತು. ಮಿದುಳು ತನ್ನ ಕೊರತೆಗೆ ತಾನೇ ಏನೋ ತೇಪೆ ಹಾಕಿಕೊಂಡಿರಬಹುದು ಎಂದು ಸಂಶೋಧಕರು ಓದಿದರು.

ಬುಕಾರೆಸ್ಟ್‌ನಲ್ಲಿ ಉಳಿದವರು

ಎಲ್ಲರೂ ವಿಮಾನ ಹತ್ತಲಿಲ್ಲ. ಉಳಿದವರ ಕಥೆ ಇಲ್ಲದೆ ಈ ಪ್ರಕರಣ ಪೂರ್ತಿಯಾಗದು. ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ 2000ದ ಹೊತ್ತಿಗೆ ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನ ಆರು ಸಂಸ್ಥೆಗಳಿಂದ 136 ಮಕ್ಕಳನ್ನು ಆರಿಸಿದರು. ಅವರ ವಯಸ್ಸು 6ರಿಂದ 31 ತಿಂಗಳು. ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕೊಟ್ಟರು. ಆಗ ಆ ಊರಲ್ಲಿ ಪೋಷಕ ಕುಟುಂಬ ಎಂಬ ವ್ಯವಸ್ಥೆಯೇ ಇಲ್ಲದಷ್ಟಿತ್ತು; ತಂಡವೇ 56 ಕುಟುಂಬಗಳನ್ನು ಹುಡುಕಿ, ತರಬೇತಿ ಕೊಟ್ಟು, ಸಂಬಳ ಕೊಟ್ಟಿತು. ಉಳಿದ ಅರ್ಧ ಮಕ್ಕಳ ಆರೈಕೆ ಎಂದಿನಂತೆ ಮುಂದುವರಿಯಿತು.

ಚೀಟಿ ಎತ್ತಿ ಮಕ್ಕಳ ಬದುಕು ನಿರ್ಧರಿಸುವುದೇ? ಓದುವಾಗ ನನಗೂ ಎದೆ ಹಿಂಡಿತು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ, ಯಾವ ಮಗುವಿಗೆ ಮನೆ ಸಿಕ್ಕರೂ ಹೋಗಲು ಅಡ್ಡಿ ಮಾಡಲಿಲ್ಲ ಎಂದು ತಂಡ ವಿವರಿಸಿದೆ. ಆ ವಿವರಣೆಯನ್ನು ನಾನು ಒಪ್ಪುತ್ತೇನೆ, ಎದೆಭಾರ ಮಾತ್ರ ಇಳಿಯಲಿಲ್ಲ.

ಮೂರೂವರೆ ವರ್ಷಕ್ಕೆ ನೋಡಿದಾಗ, ತಮ್ಮನ್ನು ಸಾಕುವವರ ಜೊತೆ ಭದ್ರವಾದ ನಂಟು ಇದ್ದವರು ಸಂಸ್ಥೆಯ ಗುಂಪಿನಲ್ಲಿ 18%. ಪೋಷಕ ಕುಟುಂಬಕ್ಕೆ ಹೋದವರಲ್ಲಿ 49%. ಹೆತ್ತವರ ಮನೆಯಲ್ಲೇ ಬೆಳೆದ ಬುಕಾರೆಸ್ಟ್ ಮಕ್ಕಳಲ್ಲಿ 65%. ಎರಡು ವರ್ಷ ತುಂಬುವ ಮೊದಲು ಮನೆ ಸೇರಿದವರ ಚೇತರಿಕೆ ಬಹಳ ವಿಷಯಗಳಲ್ಲಿ ಚೆನ್ನಾಗಿತ್ತು. ಹನ್ನೆರಡನೇ ವಯಸ್ಸಿಗೆ ಒಂದು ಪರೀಕ್ಷೆ ಮಾಡಿದರು. ಅಪರಿಚಿತರ ಮುಂದೆ ಭಾಷಣ ಮಾಡಬೇಕು, ಲೆಕ್ಕ ಮಾಡಬೇಕು. ನಮಗೆ ನಿಮಗೆ ಆದರೆ ಎದೆ ಬಡಿದುಕೊಳ್ಳುತ್ತದೆ. ಸಂಸ್ಥೆಯ ಗುಂಪಿನವರ ದೇಹ ಮಂಕಾಗಿ ಪ್ರತಿಕ್ರಿಯಿಸಿತು. ಬೇಗ ಮನೆ ಸೇರಿದವರ ದೇಹ ಉಳಿದ ಮಕ್ಕಳಂತೆಯೇ ಮಿಡಿಯಿತು.

ಎರಡು ವರ್ಷದೊಳಗಿನ ಮಕ್ಕಳನ್ನು, ತೀವ್ರ ಅಂಗವೈಕಲ್ಯ ಇದ್ದವರನ್ನು ಬಿಟ್ಟು, ಸಂಸ್ಥೆಗೆ ಸೇರಿಸಬಾರದು ಎಂದು ರೊಮೇನಿಯಾ 2004ರಲ್ಲಿ ಕಾನೂನು ಮಾಡಿತು. ಆ ವಿನಾಯಿತಿ ಯಾಕೆ ಎಂದು ಕೇಳಬೇಕೆನಿಸುತ್ತದೆ. ಜಾಸ್ತಿ ಮಡಿಲು ಬೇಕಾದ್ದು ಆ ಮಕ್ಕಳಿಗೇ ಅಲ್ವಾ?

ನಮ್ಮ ಮನೆಗಳಿಗೆ ಇದು ಎಷ್ಟು ಅನ್ವಯ

ಇದನ್ನು ಓದಿ ಗಾಬರಿಯಾಗುವ ತಾಯಂದಿರು ಇದ್ದಾರೆ ಎಂದು ನನಗೆ ಗೊತ್ತು. ಮೂರು ತಿಂಗಳ ರಜೆ ಮುಗಿಸಿ ಕೆಲಸಕ್ಕೆ ಹೋದವರು, ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟವರು, ಹೆರಿಗೆಯ ನಂತರ ಖಿನ್ನತೆಗೆ ಬಿದ್ದವರು. ದಯವಿಟ್ಟು ಈ ಮಕ್ಕಳ ಜೊತೆ ನಿಮ್ಮ ಮಗುವನ್ನು ಹೋಲಿಸಬೇಡಿ. ಅಲ್ಲಿ ಇಡೀ ದಿನ, ಇಡೀ ರಾತ್ರಿ, ತಿಂಗಳುಗಟ್ಟಲೆ ಯಾರೂ ಇರಲಿಲ್ಲ. ಅಜ್ಜಿಯ ಕಾಲ ಮೇಲೆ ಬೆಳೆದ ಮಗುವಿಗೆ ಅಜ್ಜಿ ಇದ್ದಾಳೆ. ನಂಟು ಹೆತ್ತವಳ ಜೊತೆಗೇ ಆಗಬೇಕೆಂದಿಲ್ಲ. ಅಪ್ಪ, ದೊಡ್ಡಮ್ಮ, ವರ್ಷಗಟ್ಟಲೆ ಬದಲಾಗದ ಆಯಾ, ಯಾರಾದರೂ ಸರಿ. ಅದೇ ಮುಖ ಮತ್ತೆ ಮತ್ತೆ ಬರಬೇಕು, ಅಷ್ಟೆ. ಬುಕಾರೆಸ್ಟ್‌ನ ಆ ಪೋಷಕ ತಾಯಂದಿರಲ್ಲಿ ಯಾರೂ ಹೆತ್ತವರಲ್ಲ.

ಇನ್ನು, ದೊಡ್ಡವರಾಗಿ ಇದನ್ನು ಓದುತ್ತಿರುವವರು. ಹಾಸ್ಟೆಲಿನಲ್ಲೋ, ನೋಡಿಯೂ ನೋಡದಂತಿದ್ದ ಮನೆಯಲ್ಲೋ ಬೆಳೆದವರು. "ಹಾಗಾದರೆ ನನ್ನ ಕಥೆ ಮುಗಿಯಿತೇ?" ಎಂದು ಕೇಳಿದರೆ, 2017ರ ಅದೇ ವರದಿಯ ಇನ್ನೊಂದು ಸಾಲನ್ನು ತೋರಿಸುತ್ತೇನೆ. ಆರು ತಿಂಗಳಿಗೂ ಹೆಚ್ಚು ಲ್ಯಾಗನ್‌ನಂಥ ಜಾಗದಲ್ಲಿ ಇದ್ದ 70 ಮಂದಿಯಲ್ಲಿ 15 ಮಂದಿಗೆ ಯಾವ ವಯಸ್ಸಿನಲ್ಲೂ, ಒಂದೇ ಒಂದು ಭೇಟಿಯಲ್ಲೂ ತೊಂದರೆ ಕಾಣಿಸಲಿಲ್ಲ. ಐವರಲ್ಲಿ ಒಬ್ಬರು. ಅಷ್ಟು ತೀವ್ರವಾದ ಕೊರತೆಯ ನಂತರವೂ. ಮಿಕ್ಕವರಲ್ಲಿ ಚಿಕಿತ್ಸೆಗೆ ಹೋದವರು ಜಾಸ್ತಿ ಎಂದೆನಲ್ಲ, ಅದನ್ನು ನಾನು ಬರೀ ಕೆಟ್ಟ ಸುದ್ದಿ ಎಂದು ಓದುವುದಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತಿದ್ದವರು ಇಪ್ಪತ್ತನೇ ವಯಸ್ಸಿನಲ್ಲಿ ಹೋಗಿ ಒಬ್ಬರ ಬಾಗಿಲು ತಟ್ಟಿದ್ದಾರೆ.

ಕರ್ನಾಟಕದಲ್ಲಿ ದತ್ತು ಪಡೆಯಲು ಕಾಯುತ್ತಿರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ ಮೂಲಕ ಮಗುವಿನ ವಿವರ ಬರುವಾಗ ಚೈಲ್ಡ್ ಸ್ಟಡಿ ರಿಪೋರ್ಟ್ ಮತ್ತು ವೈದ್ಯಕೀಯ ವರದಿ ಜೊತೆಗಿರುತ್ತವೆ. ಎಲ್ಲರೂ ಮೊದಲು ನೋಡುವುದು ತೂಕ, ಎತ್ತರ, ರಕ್ತಪರೀಕ್ಷೆ. ಅವುಗಳ ಜೊತೆಗೆ ಮಗು ಸಂಸ್ಥೆಗೆ ಬಂದ ದಿನಾಂಕ ನೋಡಿ, ತಿಂಗಳು ಎಣಿಸಿ. ಅದಕ್ಕೆ ಮೊದಲು ಯಾರ ಬಳಿ ಇತ್ತು, ಸಂಸ್ಥೆಯಲ್ಲಿ ಯಾವ ಆಯಾಗೆ ಜಾಸ್ತಿ ಅಂಟಿಕೊಂಡಿದೆ ಎಂದು ಕೇಳಿ. ಮಗುವನ್ನು ಬಿಟ್ಟುಬಿಡಲು ಹುಡುಕುವ ಕಾರಣಗಳಲ್ಲ ಇವು. ಮನೆಗೆ ಬಂದ ಮೇಲೆ ಅದು ತಿರುಗಿ ನೋಡದೆ ಯಾರ ಹಿಂದೋ ಹೊರಟರೆ, ಶಾಲೆಯಲ್ಲಿ ಕೂರಲಾರದೆ ಒದ್ದಾಡಿದರೆ, ಅದನ್ನು ಹಟ ಎಂದು ತಪ್ಪು ತಿಳಿಯದಿರಲು. ಆಗ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗಕ್ಕೋ, ಹತ್ತಿರದ ಮಕ್ಕಳ ಮನೋವೈದ್ಯರ ಬಳಿಗೋ ಹೋಗುವಾಗ ಆ ಕಾಗದ ಕೈಯಲ್ಲಿರಲಿ. ಮಗುವಿಗೆ ಇಪ್ಪತ್ತು ತುಂಬುವವರೆಗೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.